ಒಂದೇ ಕೈಯಲ್ಲಿ ಹಿಡಿದು ಓದುವ ಕಾದಂಬರಿಗಳು

ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಶಿಯನ್. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ನಮ್ಮಲ್ಲಿಗೆ ಬರುವವರು ವಾರಕ್ಕೆ ಎರಡು ಸಲ, ಕೆಲವರು ಮೂರು ಸಲ ಬಂದು, ಪ್ರತಿ ಸಲವೂ ನಾಲ್ಕು ಗಂಟೆ ಮಿಷನ್ನಿಗೆ ಕೈ ಕೊಟ್ಟು ಮಲಗಿರಬೇಕು. ಗೋಡೆಗೆ ಟಿ.ವಿ. ಇದೆ, ಆದರೆ ಒಬ್ಬರಿಗೆ ಧಾರಾವಾಹಿ ಬೇಕು, ಇನ್ನೊಬ್ಬರಿಗೆ ವಾರ್ತೆ ಬೇಕು. ಮೊಬೈಲ್ ನೋಡಿ ನೋಡಿ ಕಣ್ಣುರಿ ಬಂದು ಅದನ್ನೂ ಬದಿಗಿಡುತ್ತಾರೆ. ಆಮೇಲೆ ಸೀಲಿಂಗ್ ನೋಡುತ್ತಾ "ಸಿಸ್ಟರ್, ಇನ್ನೆಷ್ಟು ಹೊತ್ತು?" ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಾರೆ.

ಆರು ವರ್ಷದ ಹಿಂದೆ ಮನೆಯಿಂದ ಎಂಟು ಕಾದಂಬರಿ ತಂದು, ಗ್ಲೌಸಿನ ಡಬ್ಬಗಳಿಡುವ ಸ್ಟೀಲ್ ರ‍್ಯಾಕಿನ ಕೆಳಗಿನ ತಟ್ಟೆಯಲ್ಲಿ ಜೋಡಿಸಿದೆ. ಈಗ ಅಲ್ಲಿ ಅರವತ್ತರ ಮೇಲೆ ಇವೆ. ಯಾರು ಯಾವುದನ್ನು ತೆಗೆದುಕೊಂಡರು, ಯಾವುದನ್ನು ಮುಗಿಸಿದರು, ಯಾವುದನ್ನು ಹತ್ತು ಪುಟಕ್ಕೇ ವಾಪಸ್ ಇಟ್ಟರು ಎಂಬುದು ನನಗೆ ಗೊತ್ತು. ಯಾರಾದರೂ "ಒಂದು ಒಳ್ಳೆ ಕಾದಂಬರಿ ಹೇಳಿ" ಎಂದರೆ ನನ್ನ ಉತ್ತರ ಬರುವುದು ಈ ರ‍್ಯಾಕಿನಿಂದಲೇ. ಪುಸ್ತಕ ಚೆನ್ನಾಗಿದ್ದರೆ ಸಾಕಾಗುವುದಿಲ್ಲ. ಓದುವವರ ಹೊತ್ತು ಎಂಥದ್ದು, ಕೈ ಎಷ್ಟು ಬಿಡುವಾಗಿದೆ, ಮೈಯಲ್ಲಿ ಕಸುವು ಎಷ್ಟಿದೆ ಎಂಬುದನ್ನೂ ನೋಡಿ ಹೇಳಬೇಕು.

ನಮ್ಮಲ್ಲಿ ಓದುವವರಿಗೆ ಇರುವುದು ಒಂದೇ ಕೈ. ಇನ್ನೊಂದರ ಫಿಸ್ಟುಲಾಕ್ಕೆ, ಎಂದರೆ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗಕ್ಕೆ, ಎರಡು ಸೂಜಿ ಹಾಕಿರುತ್ತೇವೆ, ಅದನ್ನು ಅಲುಗಾಡಿಸುವಂತಿಲ್ಲ, ಮಡಿಸುವಂತಿಲ್ಲ. ಹಾಗಾಗಿ ಪುಸ್ತಕ ಹಗುರವಾಗಿರಬೇಕು, ಒಂದು ಕಡೆ ಹಿಡಿದರೆ ತೆರೆದುಕೊಂಡಿರಬೇಕು, ಅಕ್ಷರ ದಪ್ಪಗಿರಬೇಕು. ಮೂರನೇ ಗಂಟೆ ಕಳೆಯುವ ಹೊತ್ತಿಗೆ ಕೆಲವರಿಗೆ ಬಿ.ಪಿ. ಇಳಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ಅಲ್ಲಿಗೆ ಓದು ನಿಂತಿತು. ಮತ್ತೆ ಪುಸ್ತಕ ಹಿಡಿಯುವುದು ಎರಡು ಮೂರು ದಿನ ಬಿಟ್ಟು. ಅಷ್ಟು ದಿನವಾದರೂ ಕತೆ ನೆನಪಲ್ಲಿ ನಿಲ್ಲಬೇಕು.

ಇಷ್ಟಕ್ಕೂ ಹೊಂದುವ ಪುಸ್ತಕ ಯಾವುದು ಎಂದರೆ ಮೊದಲು ನನ್ನ ಕೈ ಹೋಗುವುದು 'ಕರ್ವಾಲೊ' ಮೇಲೆ. ಪೂರ್ಣಚಂದ್ರ ತೇಜಸ್ವಿಯವರು ಇದನ್ನು ಬರೆದದ್ದು 1980ರಲ್ಲಿ. ಸಣ್ಣ ಪುಸ್ತಕ, ಎರಡು ಸಿಟ್ಟಿಂಗಿಗೆ ಮುಗಿಯುತ್ತದೆ. ಕತೆ ಶುರುವಾಗುವುದು ಜೇನುತುಪ್ಪದಿಂದ. ಮೂಡಿಗೆರೆಯ ಜೇನು ಸೊಸೈಟಿಗೆ ಹೋದ ನಿರೂಪಕನಿಗೆ ಮಂದಣ್ಣ ಸಿಗುತ್ತಾನೆ. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಕಂಡದ್ದು ಬೇರೆ. ಕಾಡಿನ ಹುಳುಹುಪ್ಪಟೆಗಳನ್ನು ಅವನಷ್ಟು ಗಮನವಿಟ್ಟು ನೋಡುವವನು ಇನ್ನೊಬ್ಬನಿಲ್ಲ. ಹಾರುವ ಓತಿಯನ್ನು ಹುಡುಕಿಕೊಂಡು ಇವರೆಲ್ಲ ಕಾಡಿಗೆ ಹೊರಡುತ್ತಾರೆ, ಜೊತೆಗೆ ಬಿರಿಯಾನಿ ಕರಿಯಪ್ಪ, ಪ್ರಭಾಕರ, ಕಿವಿ ಎಂಬ ನಾಯಿ.

ಸಕಲೇಶಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಆಳುಗಳ ಹಾಜರಿ ಬರೆದು ಬರೆದು ಸವೆದ ಬೆರಳು. ಶಾಲೆ ಬಿಟ್ಟ ಮೇಲೆ ಕತೆ ಪುಸ್ತಕ ಮುಟ್ಟಿರಲಿಲ್ಲ. 'ಕರ್ವಾಲೊ' ಕೊಟ್ಟ ದಿನ ಅರ್ಧ ಗಂಟೆಯಲ್ಲಿ ಅವರ ಬೆಡ್ಡಿನಿಂದ ನಗು ಕೇಳಿಸಿತು. ನಾನು ಹೋದಾಗ ಪುಸ್ತಕ ಎದೆ ಮೇಲೆ ಕವಿಚಿಕೊಂಡು, "ಮೇಡಂ, ಈ ಮಂದಣ್ಣ ನಮ್ಮ ಎಸ್ಟೇಟಲ್ಲಿ ಇದ್ದ. ನಾನೇ ಅವನಿಗೆ ಎರಡು ಸಲ ಹಾಜರಿ ಕಟ್ ಮಾಡಿದ್ದೆ" ಅಂದರು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ. ಮಿಷನ್ ಬಿಚ್ಚುವಾಗ ಮತ್ತೆ ಅವರೇ, "ಅವನು ಮರದ ಕೆಳಗೆ ನಿಂತು ಮೇಲೆ ನೋಡ್ತಿದ್ದ, ನಾನು ಸೋಮಾರಿ ಅಂದ್ಕೊಂಡಿದ್ದೆ" ಅಂದರು. ಈ ಕಾದಂಬರಿ ಬಗ್ಗೆ ನಾನು ಎಷ್ಟೋ ವಿಮರ್ಶೆ ಓದಿದ್ದೇನೆ, ಯಾವುದೂ ಈ ಮಾತಿನಷ್ಟು ನನ್ನನ್ನು ತಟ್ಟಲಿಲ್ಲ.

ರೈಟರು ಆಮೇಲೆ ತೇಜಸ್ವಿಯವರದ್ದು ಒಂದೊಂದಾಗಿ ಮುಗಿಸಿದರು. 'ಜುಗಾರಿ ಕ್ರಾಸ್' ಅವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಸುರೇಶ, ಗೌರಿ ಎಂಬ ಎಳೆಯ ದಂಪತಿ ಏಲಕ್ಕಿ ಮಾರಲು ಹೊರಟು ಸಿಕ್ಕಿಹಾಕಿಕೊಳ್ಳುವ ಕತೆ. ಓಡುವ ಕತೆ ಅದು, ಕೆಳಗಿಡಲು ಮನಸ್ಸು ಬರುವುದಿಲ್ಲ. 'ಚಿದಂಬರ ರಹಸ್ಯ' ಅದಕ್ಕಿಂತ ದೊಡ್ಡ ಹರವಿನ ಪುಸ್ತಕ, 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೆ. ಆದರೆ ಹೊಸಬರಿಗೆ ನಾನು ಮೊದಲು ಅದನ್ನು ಕೊಡುವುದಿಲ್ಲ. ಕೆಸರೂರಿನಲ್ಲಿ ಒಂದೇ ಸಲಕ್ಕೆ ಹತ್ತು ಕತೆ ನಡೆಯುತ್ತವೆ, ಮೂರು ದಿನ ಬಿಟ್ಟು ಬಂದವರಿಗೆ ಎಳೆ ತಪ್ಪುತ್ತದೆ. 'ಕರ್ವಾಲೊ', ಆಮೇಲೆ 'ಜುಗಾರಿ ಕ್ರಾಸ್', ಆಮೇಲೆ 'ಚಿದಂಬರ ರಹಸ್ಯ': ಈ ದಾರಿಯಲ್ಲಿ ಹೋದವರು ಯಾರೂ ನನ್ನ ರ‍್ಯಾಕಿನಲ್ಲಿ ಅರ್ಧಕ್ಕೆ ನಿಂತಿಲ್ಲ.

ಶಿವರಾಮ ಕಾರಂತರದ್ದು ಬಹಳ ಇವೆ. ವಾರ್ಡಿಗೆ ಹೊಂದಿದ್ದು 'ಬೆಟ್ಟದ ಜೀವ'. 1943ರದ್ದು. ಸುಬ್ರಹ್ಮಣ್ಯದ ಕಡೆಗೆ ಹೊರಟವನೊಬ್ಬ ಕಾಡಿನಲ್ಲಿ ದಾರಿ ತಪ್ಪಿ ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿಯ ಮನೆ ಸೇರುತ್ತಾನೆ. ಅವರು ಅವನನ್ನು ಬೇಗ ಕಳಿಸಿಕೊಡುವವರಲ್ಲ. ಉಪಚಾರ, ಊಟ, ಮಾತು, ತೋಟ, ಮಳೆ, ಹುಲಿ. ಮನೆ ಬಿಟ್ಟು ಹೋದ ಮಗ ಶಂಭುವಿನ ನೆನಪು ಇಷ್ಟೆಲ್ಲದರ ಅಡಿಯಲ್ಲಿ ಸದ್ದಿಲ್ಲದೆ ಇರುತ್ತದೆ.

ನಮ್ಮವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಲೆಕ್ಕ. ಬಹಳಷ್ಟು ಜನಕ್ಕೆ ಒಂದು ಲೀಟರಿಗೂ ಕಡಿಮೆ, ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ. ಹೆಚ್ಚು ಕುಡಿದರೆ ಕಾಲು ಊದುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಮಳೆ ಸುರಿಯುವ, ಹೊಳೆ ಹರಿಯುವ, ಬಂದವರಿಗೆಲ್ಲ ಕುಡಿಯಲು ಕೊಡುವ ಮನೆಯ ಕತೆಯನ್ನು ಇವರಿಗೆ ಕೊಡುವುದೇ ಎಂದು ನನಗೆ ಅಳುಕಿತ್ತು. ಅರಸೀಕೆರೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ಅಣ್ಣ ಒಬ್ಬರಿದ್ದರು. ಹುಟ್ಟಿದಾಗಿನಿಂದ ಎಳನೀರು ಕುಡಿದು ಬೆಳೆದವರು, ಪೊಟ್ಯಾಸಿಯಂ ಏರುತ್ತದೆ ಎಂದು ನಾವು ಅದನ್ನು ಪೂರ್ತಿ ನಿಲ್ಲಿಸಿದ್ದೆವು. ಅವರು 'ಬೆಟ್ಟದ ಜೀವ' ಓದಿ, "ತಾಯಿ, ಇದನ್ನ ಓದ್ತಾ ಗಂಟಲು ತಣ್ಣಗಾಯ್ತು" ಅಂದರು. ಎರಡನೇ ಸಲವೂ ತೆಗೆದುಕೊಂಡು ಹೋದರು.

ಆ ಪ್ರತಿ ಈಗಲೂ ರ‍್ಯಾಕಿನಲ್ಲಿದೆ. ಮಿಷನ್ನಿಗೆ ಹಾಕುವ ಮೊದಲು ನಾವು ತೂಕ ನೋಡಿ ಚೀಟಿ ಬರೆದುಕೊಡುತ್ತೇವೆ, ಎಲ್ಲರೂ ಅದನ್ನೇ ಗುರುತಿಗೆ ಪುಟದ ನಡುವೆ ಇಟ್ಟುಕೊಳ್ಳುತ್ತಾರೆ. ಅಣ್ಣ ತೀರಿಕೊಂಡ ಮೇಲೆ ಅವರ ಮಗಳು ಪುಸ್ತಕ ತಂದುಕೊಟ್ಟಾಗ ಅದರೊಳಗೆ ಚೀಟಿ ಇತ್ತು. 61.3 ಎಂದು ನನ್ನದೇ ಅಕ್ಷರ. ನಾನು ತೆಗೆಯಲಿಲ್ಲ. ಆಮೇಲೆ ಓದಿದವರೂ ಯಾರೂ ತೆಗೆದಿಲ್ಲ.

ಕಾರಂತರ 'ಮರಳಿ ಮಣ್ಣಿಗೆ' ಇನ್ನೂ ದೊಡ್ಡ ಪುಸ್ತಕ. ಮೂರು ತಲೆಮಾರು, ಕಡಲ ದಂಡೆ, ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರ ಮುಗಿಯದ ದುಡಿಮೆ. ಕಾರಂತರಲ್ಲಿ ನನಗೆ ಅದರಷ್ಟು ಪ್ರೀತಿಯದ್ದು ಬೇರೆಯಿಲ್ಲ. ಆದರೆ ಅದನ್ನು ಮನೆಯಲ್ಲಿ, ಮಳೆಗಾಲದಲ್ಲಿ, ಎರಡೂ ಕೈಯಲ್ಲಿ ಹಿಡಿದು ಓದಿ.

ಹೆಂಗಸರ ಬೆಡ್ಡುಗಳ ಕಡೆ ಹೆಚ್ಚು ಓಡಾಡಿದ ಪುಸ್ತಕ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಮೊದಲು ಪ್ರಕಟವಾದದ್ದು 1976ರಲ್ಲಿ. ಎಳೆತನದಲ್ಲೇ ಮದುವೆಯಾಗಿ, ಹಾಗೆಂದರೇನು ಎಂದು ತಿಳಿಯುವ ಮೊದಲೇ ಗಂಡ ಹಾವು ಕಚ್ಚಿ ತೀರಿಕೊಂಡು, ನೂರು ವರ್ಷ ದಾಟಿಯೂ ವಿಧವೆಯಾಗಿಯೇ ಬದುಕಿದ ಒಬ್ಬ ಹೆಂಗಸಿನ ಕತೆ. ಇಂದಿರಾ ಅವರ ಬಂಧುಬಳಗದಲ್ಲೇ ಇದ್ದ ಅಜ್ಜಿ ಈಕೆ. ಫಣಿಯಮ್ಮ ಯಾರ ಮೇಲೂ ಕೂಗಾಡುವುದಿಲ್ಲ, ಯಾರನ್ನೂ ಶಪಿಸುವುದಿಲ್ಲ. ಹೆರಿಗೆಯಲ್ಲಿ ಕಷ್ಟಪಡುತ್ತಿರುವವಳ ಬಳಿ ಮಡಿ ಮೈಲಿಗೆ ಬದಿಗಿಟ್ಟು ಹೋಗುತ್ತಾಳೆ. ತನ್ನ ತಲೆ ಬೋಳಿಸಿದ ಪದ್ಧತಿಯನ್ನು ಒಲ್ಲೆ ಎಂದ ಹುಡುಗಿಯ ಪರ ನಿಲ್ಲುತ್ತಾಳೆ.

ಬೇಲೂರಿನ ಕಡೆಯ ಹುಡುಗಿಯೊಬ್ಬಳು, ಇಪ್ಪತ್ನಾಲ್ಕು ವರ್ಷ, ಇದನ್ನು ಓದಿ ನನ್ನ ಮೇಲೆ ಸಿಟ್ಟಾದಳು. "ಅಕ್ಕ, ಇಷ್ಟು ತಾಳ್ಮೆ ಯಾಕೆ ಬೇಕಿತ್ತು ಆಕೆಗೆ? ನನಗೆ ಕೊಡೋಕೆ ಇದೇ ಸಿಕ್ತಾ?" ಅಂದಳು. ಅವಳ ಸಿಟ್ಟು ಸರಿಯಾಗಿಯೇ ಇತ್ತು. ಕಾಯಿಲೆಯವರಿಗೆ ತಾಳ್ಮೆಯ ಕತೆಯನ್ನೇ ಕೊಡುವುದು ನಮ್ಮ ಚಾಳಿ. ಮುಂದಿನ ಸಲ ಅವಳಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೊಟ್ಟೆ. ನಾದಿರಾಗೆ ಗಂಡ ರಶೀದ ಬೇಕು, ರಶೀದನಿಗೂ ನಾದಿರಾ ಬೇಕು. ನಡುವೆ ಅಪ್ಪನ ಹಟಕ್ಕೆ ತಲಾಖ್ ಆಗಿ, ಮತ್ತೆ ಒಂದಾಗಬೇಕಾದರೆ ಅವಳು ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಬೇಕು ಎನ್ನುತ್ತಾರೆ. ಸಣ್ಣ ಪುಸ್ತಕ, ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ, ಮುಗಿದ ಮೇಲೆ ಬಹಳ ದಿನ ಬಿಡುವುದಿಲ್ಲ. ಕನ್ನಡದಲ್ಲಿ ಅದಕ್ಕೂ ಮೊದಲು ಕಾಸರಗೋಡಿನ ಮುಸ್ಲಿಂ ಮನೆಯ ಹೆಣ್ಣುಮಗಳ ಕತೆಯನ್ನು ಅಷ್ಟು ಒಳಗಿನಿಂದ ನಾನು ಓದಿರಲಿಲ್ಲ. ಹುಡುಗಿ ಅದನ್ನು ಮುಗಿಸಿ, ಪಕ್ಕದ ಬೆಡ್ಡಿನ ಅಮ್ಮನಿಗೆ ತಾನೇ ಓದಿ ಹೇಳಿದಳು.

ನಮ್ಮ ಊರಿನ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ವಾರ ಎಲ್ಲರಿಗೂ ಅವರ ಪುಸ್ತಕವೇ ಬೇಕಾಗಿತ್ತು. ಪ್ರಶಸ್ತಿ ಬಂದದ್ದು ಕತೆಗಳಿಗೆ, ಹಾಗಾಗಿ ಇಲ್ಲಿ ಹೆಚ್ಚು ಬರೆಯುವುದಿಲ್ಲ. ನಾಲ್ಕು ಗಂಟೆಯ ಸಿಟ್ಟಿಂಗಿಗೆ ಕತೆಗಳು ಚೆನ್ನಾಗಿ ಹೊಂದುತ್ತವೆ ಎಂದಷ್ಟೇ ಹೇಳುತ್ತೇನೆ.

ಈಗ ನಾನು ಮಾಡಿದ ತಪ್ಪಿನ ವಿಷಯ. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಬಹಳ ವರ್ಷ ನಾನು ರ‍್ಯಾಕಿನಲ್ಲಿ ಇಡಲೇ ಇಲ್ಲ. ಪ್ಲೇಗು, ಸಾವು, ಒಂದಾದ ಮೇಲೊಂದು. ಇಲ್ಲಿ ಮಲಗಿರುವವರಿಗೆ ಇದು ಬೇಡ ಎಂದು ನಾನೇ ತೀರ್ಮಾನ ಮಾಡಿದ್ದೆ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಚನ್ನರಾಯಪಟ್ಟಣದ ಕಡೆಯ ಅಮ್ಮ ಒಬ್ಬರು, "ನಮ್ಮ ಸಂತೇಶಿವರದವರು ಹೋದರಂತೆ, ಅವರದ್ದು ಗೃಹಭಂಗ ಇದ್ರೆ ಕೊಡವ್ವಾ" ಅಂದರು. ಇಲ್ಲ ಅಂದೆ. "ಸಾಯೋ ಕತೆ ಅಂತ ಇಟ್ಟಿಲ್ವಾ?" ಎಂದು ಕೇಳಿದರು. ನನಗೆ ಉತ್ತರ ಬರಲಿಲ್ಲ. ಮರುದಿನ ಮನೆಯ ಪ್ರತಿ ತಂದೆ.

ದಪ್ಪ ಪುಸ್ತಕ, ಒಂದು ಕೈಯಲ್ಲಿ ಆಗದು. ನಮ್ಮ ಅಜ್ಜ ರಾಮಾಯಣ ಪಾರಾಯಣ ಮಾಡುತ್ತಿದ್ದ ಮಡಚುವ ವ್ಯಾಸಪೀಠ ಮನೆಯ ಅಟ್ಟದ ಮೇಲಿತ್ತು. ಅದನ್ನು ತಂದು ಒರೆಸಿ ಊಟದ ಟೇಬಲ್ ಮೇಲಿಟ್ಟೆ. ಪುಸ್ತಕ ಅದರ ಮೇಲೆ, ಪುಟ ಮಗುಚಲು ಒಂದು ಕೈ ಸಾಕು. ಅಮ್ಮ ಹದಿನಾಲ್ಕು ಸಿಟ್ಟಿಂಗಿನಲ್ಲಿ ಮುಗಿಸಿದರು. ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆಯುವ ಭಾಗ ಬಂದಾಗ ಅವರು ಮಲಗಿದಲ್ಲಿಂದಲೇ ಗಟ್ಟಿಯಾಗಿ ಓದುತ್ತಿದ್ದರು. ಗಂಡ ಚೆನ್ನಿಗರಾಯ ಮಾಡಬೇಕಾದ ಕೆಲಸ, ಮಾಡುವವಳು ಅವಳು, ಹೆಸರು ಅವನದ್ದು. ಅತ್ತೆ ಗಂಗಮ್ಮನ ಬೈಗುಳಗಳಿಗೆ ಇಡೀ ಹಾಲ್ ನಕ್ಕಿತು, ಆ ಮಾತುಗಳು ಈ ಕಡೆಯವರ ಕಿವಿಗೆ ಅಷ್ಟು ಪರಿಚಿತ. ಸಾವುಗಳು ಬಂದ ದಿನ ಅವರು ಗಟ್ಟಿಯಾಗಿ ಓದಲಿಲ್ಲ. ಮುಗಿದ ಮೇಲೆ ನಾನು ಹತ್ತಿರ ಹೋಗಿ ನಿಂತೆ. "ನಂಜಮ್ಮ ಒಂದು ದಿನಾನೂ ಸುಮ್ಮನೆ ಕೂರಲಿಲ್ಲ ನೋಡು" ಅಂದರು, ಅಷ್ಟೇ. ಅವತ್ತಿನಿಂದ ಪುಸ್ತಕವನ್ನು ಯಾರಿಂದಲೂ ಬಚ್ಚಿಡುವುದಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ'ವನ್ನೂ ತಂದಿಟ್ಟಿದ್ದೇನೆ. ಹೆಣ ಮನೆಯಲ್ಲಿ ಕಾಯುತ್ತಿರುವ ಆ ಕತೆಯನ್ನು ಈವರೆಗೆ ಆರು ಜನ ಓದಿದ್ದಾರೆ.

ಭೈರಪ್ಪನವರನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು 'ಗೃಹಭಂಗ' ಎಂದೇ ಹೇಳುತ್ತೇನೆ. 'ಪರ್ವ' ಆಮೇಲೆ ಬರಲಿ. ಅದಕ್ಕೆ ರಜೆ ಬೇಕು, ಮಹಾಭಾರತದ ಮಂದಿಯನ್ನೆಲ್ಲ ಮನುಷ್ಯರಾಗಿ ಹೊಸದಾಗಿ ಪರಿಚಯ ಮಾಡಿಕೊಳ್ಳುವಷ್ಟು ಸಮಾಧಾನ ಬೇಕು.

ಎಲ್ಲಕ್ಕಿಂತ ತೆಳ್ಳಗಿನದ್ದು ದೇವನೂರ ಮಹಾದೇವ ಅವರ 'ಒಡಲಾಳ'. ಸಾಕವ್ವನ ಹುಂಜ ಕಳೆದುಹೋಗಿದೆ. ಅಲ್ಲಿಂದ ಒಂದು ಬಡ ಮನೆಯ ಪೂರಾ ಒಡಲು ತೆರೆದುಕೊಳ್ಳುತ್ತದೆ. ಕದ್ದು ತಂದ ಕಡಲೆಕಾಯಿಯನ್ನು ರಾತ್ರಿ ಮನೆಮಂದಿಯೆಲ್ಲ ಕೂತು ತಿನ್ನುವ ಭಾಗವಿದೆ. ಹಸಿವು, ಸುಖ, ಭಯ ಮೂರನ್ನೂ ಒಂದೇ ಕಡೆ ಹೀಗೆ ಕೂರಿಸಿದ ಇನ್ನೊಂದು ಬರಹ ನನಗೆ ಸಿಕ್ಕಿಲ್ಲ. ನಂಜನಗೂಡು ಸೀಮೆಯ ಮಾತು ಮೊದಲ ಐದು ಪುಟ ತೊಡಕೆನಿಸಬಹುದು. ತುಟಿ ಅಲ್ಲಾಡಿಸುತ್ತಾ ಓದಿ, ಕಿವಿಗೆ ಬೇಗ ಹತ್ತುತ್ತದೆ. ನಮ್ಮ ಹೌಸ್‌ಕೀಪಿಂಗಿನ ಅಕ್ಕ ಇದನ್ನು ಊಟದ ಹೊತ್ತಿನಲ್ಲಿ ಮೂರು ದಿನದಲ್ಲಿ ಓದಿದರು. ಅವರೊಬ್ಬರೇ ಒಂದು ಕಡೆಯೂ ತಡವರಿಸಲಿಲ್ಲ.

ಹೊಸ ಕಾಲದ್ದು ಬೇಕೆಂದವರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಡುತ್ತೇನೆ. ಬೆಂಗಳೂರಿನ ಒಂದು ಕುಟುಂಬ, ಮಸಾಲೆ ವ್ಯಾಪಾರದಲ್ಲಿ ಬಂದ ದುಡ್ಡು, ಆ ದುಡ್ಡಿನ ಜೊತೆ ಮನೆಯೊಳಗೆ ಬಂದ ಮೌನ. ಹಳೆಯ ಮನೆಯ ಇರುವೆಗಳ ಭಾಗ ಓದಿದ ಮೇಲೆ ಇರುವೆ ಕಂಡಾಗಲೆಲ್ಲ ಅದೇ ನೆನಪಾಗುತ್ತದೆ. ಓದಿದವರನ್ನು ಎರಡು ದಿನ ಬಿಟ್ಟು ಮಾತಾಡಿಸಿ, ಕೊನೆಯ ಬಗ್ಗೆ ಅವರಿಗೆ ಆಗ ಅನುಮಾನ ಶುರುವಾಗಿರುತ್ತದೆ. ಕಾಲೇಜು ಓದುವ ನನ್ನ ತಮ್ಮನ ಮಗನಿಗೆ ಹಿಡಿಸಿದ್ದು ವಸುಧೇಂದ್ರ ಅವರ 'ತೇಜೋ-ತುಂಗಭದ್ರಾ'. ಒಂದು ದಡ ಲಿಸ್ಬನ್, ಇನ್ನೊಂದು ದಡ ವಿಜಯನಗರ. ದಪ್ಪವಿದೆ, ವ್ಯಾಸಪೀಠ ಬೇಕು.

ಒಂದು ಪುಸ್ತಕವನ್ನು ಮಾತ್ರ ನಾನು ಯಾರಿಗೂ ನಾನಾಗಿ ಕೊಡುವುದಿಲ್ಲ. ಯಶವಂತ ಚಿತ್ತಾಲರ 'ಶಿಕಾರಿ'. ಮುಂಬೈಯ ಕಂಪನಿಯೊಂದರಲ್ಲಿ ಇದ್ದಕ್ಕಿದ್ದಂತೆ ಅಮಾನತ್ತಾದ ನಾಗಪ್ಪ, ಯಾರು ತನ್ನ ಬೆನ್ನು ಹತ್ತಿದ್ದಾರೆ ಎಂದು ಯೋಚಿಸುತ್ತಾ ಯೋಚಿಸುತ್ತಾ ಒಳಗೊಳಗೇ ಇಳಿಯುತ್ತಾನೆ. ನನ್ನ ಮಟ್ಟಿಗೆ ಕನ್ನಡದ ಮೂರು ದೊಡ್ಡ ಕಾದಂಬರಿಗಳಲ್ಲಿ ಇದೊಂದು. ಆದರೆ ಇದಕ್ಕೆ ಪೂರ್ತಿ ಗಮನ ಬೇಕು. ಪಕ್ಕದಲ್ಲಿ ಮಿಷನ್ ಅಲಾರಾಂ ಹೊಡೆಯುತ್ತಿದ್ದರೆ ಆಗುವುದಿಲ್ಲ. ರಾತ್ರಿ, ಒಬ್ಬರೇ, ಕದ ಹಾಕಿಕೊಂಡು ಓದಬೇಕು.

ಪುಸ್ತಕ ಕೊಳ್ಳುವವರಿಗೆ ಒಂದು ಎಚ್ಚರಿಕೆ. ತಂದ ಕೂಡಲೇ ಪುಟಸಂಖ್ಯೆ ಒಮ್ಮೆ ಸರಸರ ನೋಡಿಬಿಡಿ. ನಾನು ತರಿಸಿದ ಒಂದು ಪ್ರತಿಯಲ್ಲಿ 112 ಆದ ಮೇಲೆ 129 ಇತ್ತು. ಒಂದು ಫಾರಂ, ಹದಿನಾರು ಪುಟ, ಬೈಂಡಿಂಗಿನಲ್ಲೇ ಬಿಟ್ಟುಹೋಗಿತ್ತು. ಅದು ಗೊತ್ತಾದದ್ದು ಆಲೂರಿನ ಮೇಷ್ಟ್ರು ಮಿಷನ್ ಮೇಲೆ ಅಲ್ಲಿಗೆ ತಲುಪಿದಾಗ. ಅಂಗಡಿಯವರು ಬದಲಿಸಿಕೊಡಲಿಲ್ಲ. ಇನ್ನೊಬ್ಬರ ಪ್ರತಿಯಿಂದ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಅಳತೆಗೆ ಕತ್ತರಿಸಿ, ಮೈದಾ ಅಂಟಿನಲ್ಲಿ ಅಂಟಿಸಿದೆ. ಇನ್ನೊಂದು ವಿಷಯ: ಬರೀ ಅಂಟಿನ ಬೈಂಡಿಂಗಿಗಿಂತ ಹೊಲಿಗೆ ಹಾಕಿದ ಪ್ರತಿ ಸಿಕ್ಕರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ಹತ್ತು ಕೈ ದಾಟಿದ ಮೇಲೆ ವ್ಯತ್ಯಾಸ ಕಾಣುತ್ತದೆ.

ಅದೇ ಮೇಷ್ಟ್ರು ಈಗ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಿಡಿದಿದ್ದಾರೆ. 1967ರ ಪುಸ್ತಕ, ನಮ್ಮ ರ‍್ಯಾಕಿನಲ್ಲೇ ತೂಕದ್ದು. ಮೊದಲ ಪುಟದ ಮೇಲೇ ಕುವೆಂಪು ಬರೆದಿದ್ದಾರೆ: "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!" ಹೊಸಬರು ಇದನ್ನು ಬಿಡುವುದು ಮೊದಲ ನೂರು ಪುಟದಲ್ಲಿ, ಜನ ಬಹಳ ಎಂಬ ಕಾರಣಕ್ಕೆ. ಮೇಷ್ಟ್ರು ಒಂದು ಉಪಾಯ ಮಾಡಿದರು. ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಮನೆಯ ಹೆಸರು, ಬಲಕ್ಕೆ ಆ ಮನೆಯವರ ಹೆಸರು: ಗೌಡರು ಒಂದು ಕಡೆ, ಆಳುಗಳು ಇನ್ನೊಂದು ಕಡೆ. ಗುತ್ತಿಯ ನಾಯಿ ಹುಲಿಯನಿಗೂ ಒಂದು ಸಾಲು ಇದೆ. ನೀವು ಓದುವುದಾದರೆ ಇಂಥದ್ದೊಂದು ಪಟ್ಟಿ ನೀವೇ ಮಾಡಿಕೊಳ್ಳಿ, ಬೇರೆಯವರದ್ದು ನಕಲು ಮಾಡಬೇಡಿ, ಬರೆಯುವಾಗಲೇ ಅವರು ಪರಿಚಯವಾಗುವುದು. ಗುತ್ತಿ ತಿಮ್ಮಿಗಾಗಿ ನಡೆಯುವ ದಾರಿಯುದ್ದಕ್ಕೂ ಅವಸರ ಮಾಡಬೇಡಿ. ಮಳೆ, ಇಂಬಳ, ಕತ್ತಲು, ಅವನ ಹೆಗಲ ಕಂಬಳಿ, ಎಲ್ಲದರ ಜೊತೆ ನಿಧಾನ ಹೋಗಿ.

ಮೇಷ್ಟ್ರ ಸರದಿ ಬುಧವಾರ, ಶನಿವಾರ, ಬೆಳಗಿನ ಪಾಳಿ. ಸೂಜಿ ಹಾಕಿ ಟೇಪ್ ಅಂಟಿಸುವಷ್ಟರಲ್ಲಿ "ಪೀಠ ಎಲ್ಲಮ್ಮ?" ಎನ್ನುತ್ತಾರೆ. ಎಷ್ಟು ಹೊತ್ತಾಯಿತೆಂದು ಕೇಳಿ ಎರಡು ತಿಂಗಳಾಯಿತು. ಹೋದ ಶನಿವಾರ ಮಿಷನ್ ಬಿಚ್ಚಲು ಹೋದರೆ, ಕೈ ಅಡ್ಡ ಹಿಡಿದು, ಇನ್ನು ಒಂದೂವರೆ ಪುಟ ಇದೆ, ತಡಿ ಅಂದರು. ನಾನು ಪಕ್ಕದ ಬೆಡ್ಡಿನ ಬಿ.ಪಿ. ನೋಡಿಕೊಂಡು ಬಂದೆ.